ಗುಡ್ಡಕ್ಕೆ ತಾಡಪತ್ರಿ ಹೊದಿಸಿದ ದಿನ

ನನ್ನ ಗಂಡ ಘಾಟ್ಕೋಪರ್‌ನ ಒಂದು ಗುಡ್ಡದ ಸೈಟಿಗೆ ಇಂಜಿನಿಯರಾಗಿ ಸೇರಿದಾಗ ನಾವು ವಿಲೆ ಪಾರ್ಲೆಯಲ್ಲಿ ಬಾಡಿಗೆಗಿದ್ದೆವು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನೀರು ಪಕ್ಕಕ್ಕೆ ಹರಿಯುವಂತೆ ನೆತ್ತಿಯಲ್ಲಿ ಚರಂಡಿ ತೋಡಿ, ಬುಡದಲ್ಲಿ ತಂತಿಬಲೆಯೊಳಗೆ ಕಲ್ಲು ತುಂಬಿ ಗೋಡೆ ನಿಲ್ಲಿಸಬೇಕು. ಆಮೇಲೆಯೇ ಬಿಲ್ಡಿಂಗಿನ ಪಾಯ. ಸಂಜೆ ಅವರು ಸ್ನಾನ ಮಾಡಿದರೆ ಬಚ್ಚಲ ತುಂಬ ಕೆಂಪು ನೀರು.

ಅಲ್ಲಿ ಮಣ್ಣು ಹೊರುವವರಲ್ಲಿ ಕಲಬುರ್ಗಿ ಕಡೆಯ ಅಕ್ಕ ತಂಗಿಯರಿದ್ದರು. ಅಕ್ಕ ಮಾತುಗಾತಿ. ನನ್ನ ಗಂಡನ ಮೈಸೂರು ಕನ್ನಡ ಕೇಳಿ, "ಅಣ್ಣಾರ, ನೀವು ಬೈದ್ರೂ ಹಾಡಿದಂಗ ಕೇಳ್ತದ" ಎಂದು ನಗುತ್ತಿದ್ದಳಂತೆ. ಒಮ್ಮೆ ನನಗೆಂದು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಕಳಿಸಿದ್ದಳು. ನಾಲಿಗೆ ಸುಡುವಷ್ಟು ಖಾರ. ನಾವಿಬ್ಬರೂ ಕಣ್ಣೊರೆಸಿಕೊಂಡು ತಿಂದು ಮುಗಿಸಿದೆವು.

ಆ ವರ್ಷ ಮಳೆ ಬೇಗ ಬಂತು. ಚರಂಡಿ ಅರ್ಧವಾಗಿತ್ತು, ಗೋಡೆ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಕೆಲಸ ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸುತ್ತೇನೆಂದು ಇವರು ಆಫೀಸಿಗೆ ಫೋನ್ ಮಾಡಿದರೆ, ಮೊದಲು ಇಳಿಜಾರಿಗೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ಎಂಬ ಉತ್ತರ ಬಂತು. ಕೆಳಗೆ ಬಡವರ ಸಾಲುಮನೆಗಳ ಒಂದು ಚಾಳಿತ್ತು, ಹೊದಿಸದೆ ಬಿಡುವುದೂ ಸಾಧ್ಯವಿರಲಿಲ್ಲ. ಯಾರೂ ಬರಬೇಡಿ ಎಂದು ಹೇಳಿ ತಾವೇ ಮೇಲೆ ಹತ್ತಿದರು. ಅಕ್ಕ ಹಿಂದೆಯೇ ಬಂದಳು.

"ಒಬ್ರ ಹ್ಯಾಂಗ ಹಿಡೀತೀರಿ? ಗಾಳಿಗಿ ಹಾರಿ ಹೋಗ್ತದ" ಎನ್ನುತ್ತ ಪ್ಲಾಸ್ಟಿಕ್ಕಿನ ಇನ್ನೊಂದು ತುದಿ ಹಿಡಿದಳು.

ಮೂಲೆಗಳಿಗೆ ಮರಳುಚೀಲ ಹೇರುತ್ತಿದ್ದಾಗ ಕಾಲಡಿಯ ಮೆಟ್ಟಿಲು ಪೂರ್ತಿಯಾಗಿ ಜಾರಿತು. ಇವರು ಎದೆಯವರೆಗೆ ಹೂತುಹೋದರು. ಆಕೆ ತಾಡಪತ್ರಿಯ ಕೆಳಗೆ ಸಿಕ್ಕಿಕೊಂಡಳು, ಅದರ ಮೇಲೆ ಮಣ್ಣು ಬಿತ್ತು.

ಆಸ್ಪತ್ರೆಗೆ ನಾನು ಓಡಿಹೋದಾಗ ಇವರ ಹೆಗಲಿನ ಮೂಳೆ ಮುರಿದಿತ್ತು, ಕಿವಿಯ ಸುರುಳಿಯಲ್ಲಿ ಇನ್ನೂ ಕೆಸರಿತ್ತು. ನನ್ನನ್ನು ನೋಡಿ, "ಆಕೆ ಸಿಕ್ಕಿದ್ಲಾ?" ಎಂದರು.

"ಸಿಕ್ಕಿದ್ಲು" ಎಂದೆ. ಸಿಕ್ಕಿದ್ದೇನೋ ನಿಜ. ನನ್ನ ಮುಖ ನೋಡಿದವರು ಗೋಡೆ ಕಡೆ ತಿರುಗಿಕೊಂಡರು.

ದೇಹವನ್ನು ಊರಿಗೆ ಒಯ್ದರು. ಮಣ್ಣು ಮುಗಿಸಿ ತಂಗಿ ವಾಪಸು ಬಂದಿದ್ದಾಳೆಂದು ತಿಳಿದಾಗ ನಾವು ಅವಳ ಶೆಡ್ಡಿಗೆ ಹೋದೆವು. ಇವರ ತೋಳು ಇನ್ನೂ ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ತಂಗಿ ಚಾಪೆ ಹಾಸಿ ನೀರು ಕೊಟ್ಟಳು.

"ಬರಬೇಡ ಅಂದಿದ್ದೆ ಕಣಮ್ಮ" ಎಂದರು ಇವರು.

"ಆಕಿ ಯಾರ ಮಾತು ಕೇಳ್ಯಾಳ ಹೇಳ್ರಿ ಅಣ್ಣಾರ?" ಎಂದವಳು ಸೆರಗಿನ ಅಂಚು ತಿರುವತೊಡಗಿದಳು. "ಊರಾಗ ಕುಣಿಯೊಳಗ ಇಳಿಸಿದ ಮ್ಯಾಲ ನಮ್ಮವ್ವ ಯಾರಿಗೂ ಮಣ್ಣ ಹಾಕಗೊಡ್ಲಿಲ್ರಿ. ಆಕಿ ಮ್ಯಾಲ ಬಿದ್ದದ್ದ ಸಾಕು, ಇನ್ನ ಬ್ಯಾಡ ಅಂತ ಅಡ್ಡ ಮಲಗಿದ್ಳು. ಎತ್ತಿ ಈಚಿಗಿ ಒಯ್ಯಬೇಕಾತು."



ಮಳೆಗಾಲ ಮುಗಿದ ಮೇಲೆ ಇವರು ಅದೇ ಸೈಟಿಗೆ ಹೊರಟು ನಿಂತಾಗ ನನಗೆ ಸಿಟ್ಟು ಬಂತು. ಬಾಗಿಲಿಗೆ ಅಡ್ಡ ನಿಂತು, "ಇನ್ನೂ ಏನು ಬಾಕಿ ಇದೆ ಅಲ್ಲಿ ನಿಮಗೆ?" ಎಂದು ಕೇಳಿದೆ.

"ಕೆಳಗೆ ಜನ ಇದ್ದಾರೆ ಕಣೆ. ಅರ್ಧ ಕಡಿದ ಗುಡ್ಡ ಹಾಗೇ ಬಿಟ್ರೆ ಮುಂದಿನ ಮಳೆಗೆ ಅವರ ಮೇಲೆ ಬರುತ್ತೆ."

ಬೇಸಿಗೆಯೊಳಗೆ ಚರಂಡಿ ಮುಗಿಸಿದರು, ಕಲ್ಲಿನ ಗೋಡೆ ನಿಲ್ಲಿಸಿದರು, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹೊದಿಸಿ ಹುಲ್ಲು ನೆಡಿಸಿದರು. ತಂಗಿಯೂ ಆ ಕೆಲಸದಲ್ಲಿದ್ದಳು. ಮುಂದಿನ ಮಳೆಗೆ ಒಂದು ಹಿಡಿ ಮಣ್ಣೂ ಕೆಳಗೆ ಬರಲಿಲ್ಲ. ಚಾಳಿನವರು ಎಂದಿನಂತೆ ಬಾಗಿಲು ತೆರೆದಿಟ್ಟುಕೊಂಡು ಅಡುಗೆ ಮಾಡಿಕೊಂಡಿದ್ದರಂತೆ. ಮನೆಗೆ ಬಂದು ಇದನ್ನು ಹೇಳುವಾಗ ಇವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

ತಂಗಿ ಠಾಣೆ ಕಡೆಯ ಇನ್ನೊಂದು ಸೈಟಿಗೆ ಹೊರಡುವ ದಿನ ಹೇಳಿಹೋಗಲು ಬಂದಳಂತೆ. ಅದೂ ಗುಡ್ಡದ ಕೆಲಸವೇ ಎಂದು ತಿಳಿದು ಇವರು ಬೇಡವೆಂದರು.

"ಮತ್ತ ಎಲ್ಲಿ ಹೋಗ್ಲಿ ಅಣ್ಣಾರ? ಸಪಾಟ ನೆಲ ಎಲ್ಲಾ ಕಟ್ಟಿ ಮುಗಿಸ್ಯಾರ" ಎಂದು ಹೇಳಿ ಬುಟ್ಟಿ, ಗಂಟು ಎತ್ತಿಕೊಂಡು ಟೆಂಪೋ ಹತ್ತಿದಳು.

ಆ ವಾರವೇ ಇವರು ಕೆಲಸ ಬಿಟ್ಟರು. ಈಗ ಅಂಧೇರಿಯ ಆಫೀಸೊಂದರಲ್ಲಿ ಕೂತು ನಕ್ಷೆ ಬರೆಯುತ್ತಾರೆ. ಹೆಗಲು ಪೂರ್ತಿ ಮೇಲೇಳುವುದಿಲ್ಲ. ಅಂಗಿ ತೊಡಲು ನಾನು ತೋಳು ಹಿಡಿಯಬೇಕು. ತಂಗಿಯ ಫೋನಿಗೆ ಕೆಲವು ಸಲ ಮಾಡಿ ನೋಡಿದರು. ಆ ನಂಬರ್ ಚಾಲ್ತಿಯಲ್ಲಿಲ್ಲ.