ಸ್ಟೆಲ್ಲಾಳ ಬೆಳಗಿನ ಪ್ರಾರ್ಥನೆ

ಸ್ವಲ್ಪ ಹತ್ರ ಬನ್ನಿ, ಜೋರಾಗಿ ಹೇಳೋ ಮಾತಲ್ಲ. ನನ್ನಾಣೆಗೂ ಯಾರ ಹತ್ರನೂ ಬಾಯಿ ಬಿಡ್ಬೇಡಿ.

ನಮ್ಮ ಕಾಡುಗೋಡಿ ವಠಾರದಲ್ಲಿ ಪಕ್ಕದ ಮನೆ ಸ್ಟೆಲ್ಲಾ ದಿನಾ ಬೆಳಗ್ಗೆ ಗಟ್ಟಿಯಾಗಿ ಬೈಬಲ್ ಓದೋಳು. ಆಮೇಲೆ ನಲ್ಲಿ ಹತ್ರ ತನ್ನನ್ನ ಬೈದೋರ ಹೆಸರನ್ನೇ ಹಿಡಿದು, ಅವರಿಗೆ ಒಳ್ಳೇದು ಮಾಡಪ್ಪಾ ಅಂತ ದೇವರನ್ನ ಬೇಡ್ಕೊಳ್ಳೋಳು. ಗಾರ್ಮೆಂಟ್ಸ್‌ಗೆ ಹೋಗೋಳಿಗೆ ಎಷ್ಟು ಪೊಗರು ನೋಡಿ! ವಠಾರದೋರೆಲ್ಲ ಸೇರಿ ಓನರ್‌ಗೆ ದೂರು ಹೇಳಿದ್ವಿ. ಅವನು ಮನೆ ಖಾಲಿ ಮಾಡು ಅಂದ.

ಪಾತ್ರೆಗಳನ್ನ ಆಟೋಗೆ ಏರಿಸ್ತಿದ್ದಾಗ ನಾನು ಕೇಳೇಬಿಟ್ಟೆ, "ಏನಮ್ಮಾ, ನಿನ್ನ ದೇವರೂ ಕೈಬಿಟ್ಟನಾ?"

"ಇಲ್ಲ ಅಜ್ಜಿ, ಅವನು ಇನ್ನೊಂದು ಮನೆ ತೋರಿಸ್ತಾನೆ. ನಾನು ಮೆತ್ತಗೇ ಓದ್ಕೋಬಹುದಿತ್ತು. ನೀವು ಗೋಡೆಗೆ ಕಿವಿ ಕೊಟ್ಟು ಕೂರ್ತೀರಲ್ಲ, ನಿಮಗೂ ಕೇಳ್ಲಿ ಅಂತ ಗಟ್ಟಿಯಾಗಿ ಓದ್ತಿದ್ದೆ. ನಾಳೆಯಿಂದ ನಿಮಗೆ ಯಾರು ಓದ್ತಾರೆ?"