ಮೈಸೂರಿಗೆ ಹೋಗಬೇಕಿದ್ದ ಫೋನು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನು ಕಪ್ಪಾಯಿತು. ಅಂದು ಭಾನುವಾರ. ನೆದರ್ಲೆಂಡ್ಸಿನ ನ್ಯೂವೆಗೈನ್‌ನ ನಮ್ಮ ಮನೆಯ ಮಹಡಿಯಲ್ಲಿ ನನ್ನ ಗಂಡ ಕೋವಿಡ್ ಹಿಡಿದು ಮಲಗಿದ್ದರು. ಅವರ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರಿನ ಅಂಕಿ ತೊಂಬತ್ತರ ಕೆಳಗೆ ಇಳಿದಿತ್ತು. ರಜಾದಿನದ ಡಾಕ್ಟರರಿಗೆ ಫೋನು ಮಾಡಿ ಸರದಿಗೆ ಕಾಯುತ್ತಿದ್ದೆ. ನಿಮ್ಮ ಮುಂದೆ ಇನ್ನೊಬ್ಬರಿದ್ದಾರೆ ಎಂದು ಡಚ್ಚಿನಲ್ಲಿ ಒಂದು ಧ್ವನಿ ಹೇಳಿತು, ಅಷ್ಟರಲ್ಲೇ ನಿಂತುಹೋಯಿತು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚೇ ಇತ್ತು. ಕಂಪನಿಯ ಗುರುತು ಪರದೆಯ ನಡುವೆ ಮೂಡಿ ಹಾಗೇ ಕೂತಿತು.

ಮೇಲೆ ಓಡಿದೆ. "ರೀ, ನಿಮ್ಮ ಫೋನ್ ಕೊಡಿ."

"ಅಪ್‌ಡೇಟ್... ಆಗ್ತಿದೆ ಕಣೇ."

"ಈಗ್ಲಾ?"

"ಸುಮ್ನೆ ಮಲ್ಗಿದೀನಲ್ಲ... ಅದಾದ್ರೂ ಆಗ್ಲಿ ಅಂತ..." ಮಾತಿನ ನಡುವೆ ಉಸಿರಿಗಾಗಿ ಎರಡು ಸಲ ನಿಂತರು.

ಅವರ ಫೋನಿನ ಪರದೆಯಲ್ಲಿ ಬಿಳಿಯ ಗೆರೆಯೊಂದು ಅರ್ಧಕ್ಕೆ ಬಂದು ನಿಂತಿತ್ತು. ಅದು ಮುಂದಕ್ಕೆ ಸರಿಯಲಿ ಎಂದು ನೋಡುತ್ತಾ ಎಷ್ಟು ಹೊತ್ತು ನಿಂತೆನೋ ತಿಳಿಯದು. ಇಂದಿಗೂ ನನ್ನ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಆಮೇಲೆ ಚಪ್ಪಲಿಯಿಲ್ಲದೆ ಹೊರಗೆ ಓಡಿ ಪಕ್ಕದ ಮನೆಯ ಕಿಟಕಿ ಬಡಿದೆ. ಅಲ್ಲಿದ್ದ ಡಚ್ ಅಜ್ಜಿ ನನ್ನ ಮುಖ ನೋಡಿಯೇ ಹಿಂದೆ ಸರಿದಳು. ಗಾಜಿನ ಆಚೆಯಿಂದಲೇ ನನ್ನ ಮಾತು ಕೇಳಿಸಿಕೊಂಡು ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ಅದು ಬಂತು. ನನ್ನ ಗಂಡ ಬದುಕಿಕೊಂಡರು.

ಆ ಎರಡು ಫೋನುಗಳೂ ಅಷ್ಟು ಹಳತಾಗಲು ಒಂದು ಕಾರಣವಿತ್ತು. ನಮ್ಮ ಮನೆಯಲ್ಲಿ ಒಂದು ಪದ್ಧತಿ: ಹೊಸ ಫೋನು ಅವರಿಗೆ, ಅವರದು ನನಗೆ, ನನ್ನದು ಮೈಸೂರಿನ ನನ್ನ ಅಮ್ಮನಿಗೆ. ಯಾರಾದರೂ ಊರಿಗೆ ಹೊರಟಾಗ ಅವರ ಸೂಟ್‌ಕೇಸಿನಲ್ಲಿ, ಸೀರೆಯೊಂದರ ಮಡಿಕೆಯಲ್ಲಿ ಇಟ್ಟು ಕಳಿಸುವುದು. ವಿಮಾನಗಳು ನಿಂತಮೇಲೆ ಆ ಸಾಲೂ ನಿಂತಿತು. ಅಮ್ಮನ ಕೈಗೆ ಸೇರಬೇಕಿದ್ದ ಫೋನು ನನ್ನಲ್ಲೇ ಮುದಿಯಾಯಿತು. ಒಂದು ಅಕ್ಷರ ಒತ್ತಿದರೆ ಅದು ಮೂಡಲು ಯೋಚಿಸುತ್ತಿತ್ತು. ಪ್ರತಿ ಅಪ್‌ಡೇಟ್ ಆದಮೇಲೂ ಇನ್ನಷ್ಟು ನಿಧಾನವಾಯಿತೆಂದು ನನಗನ್ನಿಸುತ್ತಿತ್ತು. ಬ್ಯಾಟರಿ ಸವೆದಿರಬಹುದು. ಬೇಕೆಂದೇ ಮಾಡುತ್ತಾರೆ ಎನ್ನಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಪುರಾವೆಯಿಲ್ಲದ ಅನುಮಾನಕ್ಕೆ ನಿದ್ದೆ ಕೆಡಿಸುವ ಶಕ್ತಿ ಹೆಚ್ಚು.

ಅನುಮಾನ ಕಂಪನಿಯ ಮೇಲಷ್ಟೇ ಇರಲಿಲ್ಲ. ಮೂಗಿನಲ್ಲಿ ಆಮ್ಲಜನಕದ ಕೊಳವೆ ಇಟ್ಟುಕೊಂಡು, ಆಸ್ಪತ್ರೆಯ ಹಾಸಿಗೆಯಿಂದಲೇ, ನನ್ನ ಗಂಡ ಅದೇ ಕಂಪನಿಯ ಹೊಸ ಫೋನು ಆರ್ಡರ್ ಮಾಡಿದ್ದರು. ಅವರು ಮನೆಗೆ ಬರುವ ಮೊದಲೇ ಡಬ್ಬಿ ಬಾಗಿಲಿಗೆ ಬಂದಿತ್ತು.

"ಅದೇ ಕಂಪ್ನೀದಾ? ನಿಮ್ಗೇನು ಅವ್ರು ಸೋದರಮಾವನಾ?"

"ನಿನ್ ಫೋನು ಏಳು ವರ್ಷ ಚೆನ್ನಾಗೇ ನಡೀತಲ್ವೇನೇ. ಪಾಪ, ವಯಸ್ಸಾಯ್ತು ಅದಕ್ಕೆ. ಈಗ ನನ್ ಹಳೇದು ನೀನಿಟ್ಕೋ."

"ನಿಮ್ಗೆ ಉಸಿರು ಸಿಗ್ದೇ ಇದ್ದಾಗ ಅಪ್‌ಡೇಟ್ ಆಗ್ತಿದ್ದ ಫೋನು ನಂಗೆ ಬೇಡ."

ಅವರು ನಗಲು ಹೋಗಿ ಕೆಮ್ಮಿದರು. ಆ ಕೆಮ್ಮಿಗೆ ನನ್ನ ಕೈ ತಾನಾಗಿ, ಆ ಭಾನುವಾರ ಸಂಜೆಯೇ ಮತ್ತೆ ಚಾಲೂ ಆಗಿದ್ದ ನನ್ನ ಫೋನಿನತ್ತ ಹೋಯಿತು, ಅದು ಬೆಳಗುತ್ತದೆಯೇ ಎಂದು ನೋಡಲು.

ಅಂದಿನಿಂದ ಅದೇ ಆಯಿತು. ರಾತ್ರಿ ಎಚ್ಚರವಾದಾಗಲೆಲ್ಲ ಪರದೆ ಒತ್ತಿ ನೋಡುವುದು, ಅವರ ಉಸಿರು ಕೇಳುವುದು, ಮತ್ತೆ ಒತ್ತುವುದು. ಮತ್ತೊಮ್ಮೆ ಹಾಗಾದರೆ ಕರೆ ಹೋಗುತ್ತದೆಯೇ? ನನಗೆ ಬೇಕಿದ್ದದ್ದು ಇದೊಂದೇ ಉತ್ತರ.

ಬೇರೆ ಕಂಪನಿಯ ಫೋನು ಕೊಳ್ಳುತ್ತೇನೆಂದು ಅಮ್ಮನಿಗೆ ಹೇಳಿದೆ. ಅವಳ ವೀಡಿಯೋ ಚೂರುಚೂರಾಗಿ ಬರುತ್ತಿತ್ತು. ಒಮ್ಮೆ ಹಣೆ, ಒಮ್ಮೆ ಫ್ಯಾನು.

"ತಗೋ. ಆಮೇಲೆ ನಂಗೇನಾದ್ರೂ ಆದಾಗ ಎಲ್ಲಿ ಒತ್ಬೇಕು ಅಂತ ಯಾರು ಹೇಳ್ತಾರೆ?"

ನಿಜ. ಅವಳು ಕಲಿತದ್ದು ಇದೊಂದನ್ನೇ, ಅದೂ ಫೋನಿನಲ್ಲೇ: ನಾನು ಇಲ್ಲಿ ನನ್ನ ಪರದೆ ನೋಡುತ್ತಾ ಎಡಕ್ಕೆ, ಕೆಳಗೆ, ಆ ಹಸಿರು ಎನ್ನುವುದು, ಅವಳು ಅಲ್ಲಿ ಒತ್ತುವುದು. ಎರಡೂ ಪರದೆ ಒಂದೇ ಥರ ಇದ್ದರೆ ಮಾತ್ರ ಅದು ಸಾಧ್ಯ.

"ನಿಂದೂ ನಿಧಾನ ಆಗಿದೆ ಅಲ್ವಾಮ್ಮ?"

"ನಾನೂ ಆಗಿದೀನಿ. ಸರಿಹೋಗತ್ತೆ ಬಿಡು."

ಲಾಕ್‌ಡೌನ್ ಸಡಿಲವಾದಮೇಲೆ, ಅಪಾಯಿಂಟ್‌ಮೆಂಟ್ ಇದ್ದವರನ್ನಷ್ಟೇ ಒಳಗೆ ಬಿಡುತ್ತಿದ್ದ ಅಂಗಡಿಗೆ ಹೋಗಿ ಅದೇ ಕಂಪನಿಯದನ್ನೇ ಕೊಂಡೆ. ಅಂಗಡಿಯ ಹುಡುಗಿ ಮಾಸ್ಕಿನ ಹಿಂದಿನಿಂದ, ಇಷ್ಟು ವರ್ಷ ನಮ್ಮ ಜೊತೆಗಿದ್ದೀರಿ, ಧನ್ಯವಾದ ಎಂದಳು. ಜೊತೆಗಿದ್ದೀರಿ! ನಾವು ಬಿಟ್ಟುಹೋಗಲಾರೆವು ಎಂಬುದು ಅವರಿಗೆ ನಮಗಿಂತ ಮೊದಲೇ ಗೊತ್ತಿತ್ತೆಂದು ನನಗೆ ಅನ್ನಿಸಿತು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಟ್ರಾಮಿನಲ್ಲಿ ಕೂತಾಗ ಕೊಂಡ ಸಂತೋಷವೇನೂ ಇರಲಿಲ್ಲ.

ಹೊಸದನ್ನೂ ರಾತ್ರಿ ಎದ್ದೆದ್ದು ನೋಡುತ್ತಿದ್ದೆ. ಕೊನೆಗೆ ಇಲ್ಲಿ ಕ್ರಿಂಗ್‌ಲೋಪ್ ಎನ್ನುವ ಹಳೆ ಸಾಮಾನಿನ ಅಂಗಡಿಯಿಂದ ತಂತಿಯ ಫೋನೊಂದನ್ನು ತಂದೆ. ನಮ್ಮ ಇಂಟರ್ನೆಟ್ ಪ್ಯಾಕೇಜಿನಲ್ಲಿ ಮನೆಗೊಂದು ಲ್ಯಾಂಡ್‌ಲೈನ್ ನಂಬರು ಮೊದಲಿಂದಲೂ ಇತ್ತು, ನಾವು ಬಳಸಿರಲಿಲ್ಲ. ಮೋಡೆಮ್ಮಿಗೆ ಸಿಕ್ಕಿಸಿ, ಉದ್ದದ ತಂತಿ ಎಳೆದು, ಹಾಸಿಗೆಯ ಪಕ್ಕಕ್ಕೆ ಇಟ್ಟೆ.

"ಕರೆಂಟ್ ಹೋದ್ರೆ ಇದೂ ಹೋಗತ್ತೆ ಮೇಡಮ್," ಎಂದರು ಗಂಡ.

"ಹೋಗ್ಲಿ. ಅಪ್‌ಡೇಟ್ ಅಂತೂ ಕೇಳಲ್ಲ."

ಮಲಗುವ ಮೊದಲು ರಿಸೀವರ್ ಎತ್ತಿ ಕಿವಿಗಿಟ್ಟೆ. ಗುಂಯ್ ಎಂಬ ಒಂದೇ ಸ್ವರ, ತಡೆಯಿಲ್ಲದೆ. ಇಟ್ಟೆ. ಮತ್ತೆ ಎತ್ತಿ ಕೇಳಿದೆ. ಅಮ್ಮನಿಗೂ ನಂಬರು ಕಳಿಸಿದೆ.

ಅದು ಮೊದಲ ಸಲ ಹೊಡೆದುಕೊಂಡಾಗ ಬೆಚ್ಚಿ ಎದ್ದೆ. ಕಿಟಕಿಯ ಪರದೆಗಳ ಸಂದಿಯಿಂದ ಬಿಸಿಲು ಮಂಚದವರೆಗೆ ಬಂದಿತ್ತು. ಗಂಡ ಕೆಳಗೆ ಆಫೀಸಿನ ಮೀಟಿಂಗಿನಲ್ಲಿ ಜೋರಾಗಿ ಯಾರಿಗೋ ಏನೋ ವಿವರಿಸುತ್ತಿದ್ದರು, ಒಂದು ಸಲವೂ ಉಸಿರಿಗೆ ನಿಲ್ಲದೆ.

"ಆಗ್ಲಿಂದ ನಿನ್ ಮೊಬೈಲಿಗೆ ಮಾಡ್ತಿದೀನಿ," ಎಂದಳು ಅಮ್ಮ. "ಎಲ್ಲೇ ಹೋಗಿದ್ದೆ?"

"ಎಲ್ಲೂ ಇಲ್ಲಮ್ಮ. ಮಲ್ಗಿದ್ದೆ."

"ಇಷ್ಟ್ ಹೊತ್ತಾ? ರಾತ್ರಿಯಿಂದ?"

"ಹೂಂ. ರಾತ್ರಿಯಿಂದ."