ಜಿಂಕೆಗೆಂದು ಬಿತ್ತಿದ ಅವರೆ

ಗುರುವಾರ ಮಧ್ಯಾಹ್ನ ನಮ್ಮ ಟೊರೆನ್ಸ್ ಮನೆಯ ಬಾಗಿಲಿಗೆ ಒಂದು ರಟ್ಟಿನ ಡಬ್ಬ ಬಂದು ಕೂತಿತ್ತು. ಒಳಗೆ ತಂದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಟೇಪು ಸೀಳಿದೆ ನೋಡಿ, ಗಪ್ಪೆಂದು ಸೊಗಡು! ಅವರೆಕಾಯಿಯ ಸೊಗಡನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ, ಅರಿಯದವರಿಗೆ ವಿವರಿಸಿ ಪ್ರಯೋಜನವಿಲ್ಲ. ಒಳಕೋಣೆಯಲ್ಲಿ ಮಗಳೊಂದಿಗೆ ಫೋನಿನಲ್ಲಿದ್ದ ನನ್ನ ಹೆಂಡತಿ ವಸುಧಾ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಳು.

"ಎಲ್ಲಿಂದ ಬಂತ್ರೀ ಇದು? ಇಂಡಿಯನ್ ಸ್ಟೋರ್‌ದಲ್ಲ ಬಿಡಿ, ಅದಕ್ಕೆ ವಾಸನೆಯೇ ಇರಲ್ಲ," ಎಂದು ಎರಡು ಕಾಯಿ ಎತ್ತಿ ಮೂಗಿಗೆ ಹಿಡಿದಳು. ಕಾಯಿಗಳ ಸಿಪ್ಪೆ ಬೆರಳಿಗೆ ಅಂಟುವಷ್ಟು ಜಿಡ್ಡಾಗಿತ್ತು. ಡಬ್ಬದ ತಳದಲ್ಲಿ ಒಂದು ಲಕೋಟೆಯೂ ಇತ್ತು. ಕಳಿಸಿದವನ ಹೆಸರು ಓದಿದೊಡನೆ ಅದನ್ನು ಜೇಬಿಗೆ ಸೇರಿಸಿದೆ. ಕಳಿಸಿದವನು ಡೇಲ್. ಅವನ ಬಗ್ಗೆ ಹೇಳಬೇಕೆಂದರೆ ಮೊದಲು ಅನ್ವರನ ಬಗ್ಗೆ ಹೇಳಬೇಕು.

ಅನ್ವರ್ ಮೈಸೂರಿನವನು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್‌ನಲ್ಲಿ ಮನೆ ಮಾಡಿದ, ನಾನು ಇಲ್ಲಿ ಎಲ್ಎ (ಲಾಸ್ ಏಂಜಲೀಸ್) ಪಕ್ಕದ ಟೊರೆನ್ಸಿನಲ್ಲಿ. ಮೂವತ್ತು ವರ್ಷದಿಂದ ನಮ್ಮದೊಂದು ಪದ್ಧತಿ. ಶನಿವಾರ ಬೆಳಿಗ್ಗೆ ಇಬ್ಬರೂ ಒಂದೊಂದು ಗಂಟೆ ಡ್ರೈವ್ ಮಾಡಿ, ಅರ್ಧ ದಾರಿಯ ಸ್ಯಾನ್ ಕ್ಲೆಮೆಂಟೆಯಲ್ಲಿ ಸಮುದ್ರದ ಪಕ್ಕದ ಪಾರ್ಕಿಂಗ್ ಲಾಟಿನಲ್ಲಿ ಸೇರುವುದು. ನನ್ನ ಫ್ಲಾಸ್ಕಿನಲ್ಲಿ ಕಾಫಿ, ಅವನದರಲ್ಲಿ ಚಹಾ. ಬದಲಾಯಿಸಿಕೊಂಡು ಕುಡಿಯುವುದು, ಇಬ್ಬರ ಮಕ್ಕಳನ್ನೂ ಬೈಯುವುದು, ವಾಪಸು ಹೋಗುವುದು. ಕೋವಿಡ್ ಬಂದಾಗಲೂ ಬಿಡಲಿಲ್ಲ. ಎರಡು ಕಾರುಗಳ ಡಿಕ್ಕಿ ತೆರೆದು, ನಡುವೆ ಒಂದು ಪಾರ್ಕಿಂಗ್ ಜಾಗ ಖಾಲಿ ಬಿಟ್ಟು, ಕೂಗಿಕೊಂಡು ಮಾತಾಡಿದೆವು. ಆ ವರ್ಷ ಫ್ಲಾಸ್ಕುಗಳು ಮಾತ್ರ ಬದಲಾಗಲಿಲ್ಲ.

ಆ ಕಾಲದಲ್ಲೇ ಅನ್ವರ್ ರಿಟೈರ್ ಆಗಿ, ಸ್ಯಾನ್ ಡಿಯಾಗೋದ ಪೂರ್ವಕ್ಕಿರುವ ಗುಡ್ಡಗಳಲ್ಲಿ ಐದೆಕರೆ ಕೊಂಡ. ಬಾವಿಯೊಂದಿತ್ತು, ಹತ್ತಾರು ಓಕ್ ಮರಗಳಿದ್ದವು, ಉಳಿದದ್ದು ಒಣ ಪೊದೆ. ಕೊಂಡ ಮೇಲೆ ಒಂದು ಶುಕ್ರವಾರ ಫೋನ್ ಮಾಡಿದ.

"ಈ ವಾರ ಬರಕ್ಕಾಗಲ್ಲ ಕಣಯ್ಯ. ಪಕ್ಕದ ಜಮೀನಿನ ಡೇಲ್ ಟ್ರ್ಯಾಕ್ಟರ್ ತರ್ತೀನಿ ಅಂದಿದಾನೆ. ಉಳಬೇಕು."

"ಏನು ಬೆಳೀತೀಯ?"

"ಜಿಂಕೆಗೆ ಮೇವು. ಬೇಟೆಗೆ ಲೈಸೆನ್ಸ್ ತಗೊಂಡಿದೀನಿ, ಹೇಳಲಿಲ್ವಾ?"

ಹೇಳಿರಲಿಲ್ಲ. ಮೂವತ್ತು ವರ್ಷದಲ್ಲಿ ನನಗೆ ಹೇಳದೆ ಅನ್ವರ್ ಮಾಡಿದ ಮೊದಲ ಕೆಲಸ ಅದು. ಅದನ್ನು ಅವನಿಗೆ ಕಲಿಸಿಕೊಟ್ಟವನು ಡೇಲ್ ಎಂಬುದು ಕೇಳದೆಯೇ ಗೊತ್ತಾಯಿತು. ಹೊಟ್ಟೆಯೊಳಗೆ ಸಣ್ಣಗೆ ಏನೋ ಹೊತ್ತಿಕೊಂಡಿತು. ಅದಕ್ಕೆ ಕನ್ನಡದಲ್ಲಿ ಹೊಟ್ಟೆಕಿಚ್ಚು ಎಂದು ಎಷ್ಟು ಸರಿಯಾಗಿ ಹೆಸರಿಟ್ಟಿದ್ದಾರೆ ನೋಡಿ. ಅರವತ್ತು ದಾಟಿದ ಗಂಡಸಿಗೆ ಗೆಳೆಯನ ಹೊಸ ಗೆಳೆಯನ ಮೇಲೆ ಹೊಟ್ಟೆಕಿಚ್ಚು ಎಂದರೆ ನಗು ಬರುತ್ತದೆ. ನಗಿ, ಆದರೆ ಪೂರ್ತಿ ಓದಿ.

ಆ ಹೊಲದ ಲೆಕ್ಕಾಚಾರವನ್ನು ಅನ್ವರ್ ನನಗೆ ಮೂರು ಸಲ ಹೇಳಿದ. ಜಿಂಕೆಗೆ ಇಷ್ಟವಾದ ಬೆಳೆಯನ್ನು ಕಾಡಿನಂಚಿನಲ್ಲಿ ಬಿತ್ತಬೇಕು. ಎಳೆಯ ಸಸಿ ಕಂಡರೆ ಜಿಂಕೆಗಳು ವಾರದಲ್ಲಿ ಬೋಳಿಸಿಬಿಡುತ್ತವೆ, ಹಾಗಾಗಿ ಸುತ್ತ ಕರೆಂಟಿನ ಬೇಲಿ ಹಾಕಿ ಕಾಯಬೇಕು. ಬಳ್ಳಿ ಸೊಂಟದೆತ್ತರ ಬಂದಮೇಲೆ, ಬೇಟೆಯ ಕಾಲ ಶುರುವಾಗುವ ಹೊತ್ತಿಗೆ ಬೇಲಿ ತೆಗೆದು ಅವುಗಳಿಗೇ ಬಿಡಬೇಕು. ಆಮೇಲೆ ದೂರದಲ್ಲಿ ಮರೆಯಾಗಿ ಕೂತು ಕಾಯುವುದು. ಜಿಂಕೆಗಾಗಿ ಬೆಳೆದು, ಜಿಂಕೆಯಿಂದ ಕಾಪಾಡಿ, ಕೊನೆಗೆ ಜಿಂಕೆಗೇ ಒಪ್ಪಿಸುವ ಈ ಕೃಷಿ ನನಗೆ ಅರ್ಥವಾಗಲಿಲ್ಲ. ನಾವು ಅಭ್ಯಾಸಕ್ಕೆ ಜಿಂಕೆ ಎನ್ನುತ್ತೇವೆ, ಅಷ್ಟೆ. ಅಲ್ಲಿಯವಕ್ಕೆ ನಮ್ಮ ಜಿಂಕೆಯ ಚುಕ್ಕಿಯೂ ಇಲ್ಲ, ಚೆಲುವೂ ಇಲ್ಲ, ಕಿವಿಯಂತೂ ಹೇಸರಗತ್ತೆಯದು. ಸಿಟ್ಟಿನಲ್ಲಿದ್ದವನಿಗೆ ಜಿಂಕೆಯೂ ಕತ್ತೆಯಾಗಿ ಕಾಣುತ್ತದೆ ಎಂದು ವಸುಧಾ ಹೇಳಿದಳು.

ಬಿತ್ತನೆಯ ದಿನ ನಾನೂ ಹೋದೆ. ಕರೆದಿದ್ದನೆಂದಲ್ಲ, ನಾನೇ ಹೋದೆ. ಡೇಲ್ ಎಂದರೆ ಆರಡಿ ಎತ್ತರದ, ಮಾತು ಕಡಿಮೆಯ, ಹಿಂದೆ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದ ಮನುಷ್ಯ. ನಮ್ಮಿಬ್ಬರಿಗಿಂತ ನಾಲ್ಕೈದು ವರ್ಷ ದೊಡ್ಡವನು. ಅನ್ವರ್ ನಮ್ಮನ್ನು ಪರಿಚಯಿಸಿದ. ನನ್ನನ್ನು ತೋರಿಸಿ "ಎಲ್ಎ ಕಡೆಯ ನನ್ನ ಫ್ರೆಂಡ್" ಎಂದ. ಅವನನ್ನು ತೋರಿಸಿ "ಇವನು ನನ್ನ ಪಾರ್ಟ್‌ನರ್" ಎಂದ. ನಾನು ಎಲ್ಎ ಕಡೆಯವನಂತೆ!

ಡೇಲ್ ಬೀಜದ ಚೀಲ ಬಿಚ್ಚಿದ. ಚೀಲದ ಮೇಲೆ ಕೊಂಬಿನ ಜಿಂಕೆಯ ದೊಡ್ಡ ಚಿತ್ರ. ಒಳಗೆ ಕೈಹಾಕಿ ಒಂದು ಹಿಡಿ ತೆಗೆದು ನೋಡಿದೆ. ಕಂದು ಬಣ್ಣದ ಚಪ್ಪಟೆ ಕಾಳು, ಅಂಚಿನಲ್ಲಿ ಬಿಳಿಯ ಗೆರೆ.

"ಅನ್ವರ್, ಇದು ಅವರೆ ಕಣೋ!"

"ಗೊತ್ತು. ಲ್ಯಾಬ್‌ಲ್ಯಾಬ್ ಅಂತಾರೆ ಇವರು. ಜಿಂಕೆಗೆ ಇದರ ಸೊಪ್ಪು ಅಂದ್ರೆ ಪ್ರಾಣವಂತೆ."

"ಅವರೆಕಾಯೀನ ಜಿಂಕೆಗೆ ಹಾಕ್ತೀಯಾ? ಕೈ ಹೇಗೆ ಬರುತ್ತೆ ನಿನಗೆ?"

"ಸೊಪ್ಪು ತಿನ್ನೋನು ನೀನು, ಸೊಪ್ಪು ತಿನ್ನೋದು ಅದು. ನಿಮ್ಮ ಜಗಳ ನೀವೇ ಬಗೆಹರಿಸ್ಕೊಳಿ," ಎಂದು ನಕ್ಕ. ಅದನ್ನೇ ಡೇಲ್‌ಗೂ ಇಂಗ್ಲಿಷಿನಲ್ಲಿ ಹೇಳಿ ಅವನನ್ನೂ ನಗಿಸಿದ. ನಮ್ಮ ಜೋಕನ್ನು ಅವನು ಅನುವಾದ ಮಾಡಿದ್ದು ಅದೇ ಮೊದಲು.

ಉಳಿದ ಬೀಜವನ್ನು ನನಗೆ ಪೋಸ್ಟ್ ಮಾಡು ಎಂದು ಡೇಲ್ ಕೈಗೆ ವಿಳಾಸ ಬರೆದುಕೊಟ್ಟು ಬಂದೆ. ಮಾತಿಗೆ ತಪ್ಪದೆ ಕಳಿಸಿದ. ಹಿತ್ತಲಿನ ಕುಂಡಗಳಲ್ಲಿ ಹಾಕಿದೆ. ಟೊರೆನ್ಸಿನ ಮಂಜಿಗೆ ಬಳ್ಳಿ ಬೇಲಿ ಹತ್ತಿತೇ ಹೊರತು ಕಾಯಿ ಕಟ್ಟಲಿಲ್ಲ, ಕೊನೆಗೆ ಹೇನು ಹತ್ತಿ ಕಪ್ಪಾಯಿತು. ಅತ್ತ ಗುಡ್ಡದ ಮೇಲೆ ಜಿಂಕೆಯ ಪಾಲಿನ ಅವರೆ ತೊಡೆಯೆತ್ತರ ಬಂದಿದೆಯೆಂದು ಅನ್ವರ್ ಫೋಟೋ ಕಳಿಸುತ್ತಿದ್ದ. ನಾನು ಹೆಬ್ಬೆರಳು ಎತ್ತಿದ ಚಿತ್ರ ವಾಪಸು ಕಳಿಸಿ, ಫೋನನ್ನು ಮಗುಚಿಡುತ್ತಿದ್ದೆ.

ನಿಜ ಹೇಳಲೇ? ಅವನು ಬೇಟೆಯಾಡಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ಮೊದಲ ವರ್ಷ ಅನ್ವರ್ ಒಂದು ಗುಂಡನ್ನೂ ಹಾರಿಸಲಿಲ್ಲ. ಡೇಲ್ ಒಂದನ್ನು ಹೊಡೆದ, ಇವನಿಗೂ ಮಾಂಸದ ಪಾಲು ಕೊಟ್ಟ. ಮತ್ತೆ ಅಲ್ಲಿ ಏನು ಮಾಡ್ತೀಯ ಎಂದು ಕೇಳಿದೆ. "ಸುಮ್ಮನೆ ಕೂತಿರ್ತೀವಿ. ಮೂರು ಗಂಟೆ ಒಂದು ಮಾತಿಲ್ಲ. ಎಷ್ಟು ಚೆನ್ನಾಗಿರುತ್ತೆ ಗೊತ್ತಾ?" ಎಂದ. ನನ್ನ ಜೊತೆ ಮೂವತ್ತು ವರ್ಷ ಬಾಯಿ ಮುಚ್ಚದೆ ಮಾತಾಡಿದವನು ಆ ಮನುಷ್ಯನ ಜೊತೆ ಬಾಯಿ ಮುಚ್ಚಿಕೊಂಡು ಸುಖವಾಗಿದ್ದಾನೆ!

ಎರಡನೆಯ ವರ್ಷದ ಬೇಸಿಗೆಯಲ್ಲಿ ಮತ್ತೊಮ್ಮೆ ಹೋದೆ. ಬೇಲಿಯೊಳಗೆ ಹಸಿರು ತುಂಬಿ ತುಳುಕುತ್ತಿತ್ತು. ಸಂಜೆ ಮೂವರೂ ಸಾಲುಗಳ ನಡುವೆ ನಿಂತಿದ್ದೆವು. ಡೇಲ್ ಒಂದು ಸಾಲನ್ನು ತೋರಿಸಿ, ಇದು ಜಿಂಕೆಗಲ್ಲ, ಚಳಿಗಾಲದವರೆಗೆ ಬೇಲಿಯೊಳಗೇ ಉಳಿಸುತ್ತೇನೆ, ಎಂದ. ಯಾಕೆ ಎಂದೆ. ಅವನು ಅನ್ವರನ ಕಡೆ ನೋಡಿ, ಮಗು ಪದ್ಯ ಒಪ್ಪಿಸುವಂತೆ, "ಸೊಗಾಡು" ಎಂದ. ಅನ್ವರನ ಮುಖ ಅರಳಿತು.

ಅನ್ವರ್ ಆ ಮಾತನ್ನು ಅವನಿಗೆ ಕೊಟ್ಟದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ಹಾಸ್ಟೆಲಿನಲ್ಲಿ ಅವರೆಕಾಯಿ ಕಾಲ ಬಂದಾಗ, ಅನ್ವರನ ಮನೆಯಿಂದ ಬರುತ್ತಿದ್ದ ಬುತ್ತಿಯನ್ನು ನಾವಿಬ್ಬರೂ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆವು. ಅವನ ಅಮ್ಮ ನನಗೆಂದೇ ಬೇರೆ ಪಾತ್ರೆಯಲ್ಲಿ ಮಾಂಸ ಹಾಕದೆ ಅವರೆಕಾಳು ಬೇಯಿಸಿ ಕಳಿಸುತ್ತಿದ್ದರು. ಆ ಸೊಗಡು ನಮ್ಮಿಬ್ಬರದು. ಅಲ್ಲಿ ಮೂರನೆಯವನಿಗೆ ಜಾಗವಿರಲಿಲ್ಲ.

ಹೊರಡುವಾಗ ಅವರಿಬ್ಬರೂ ಮುಂದೆ ಗಾಡಿಯ ಕಡೆ ನಡೆದರು. ನಾನು ಬಿಟ್ಟುಬಂದ ಫ್ಲಾಸ್ಕ್ ತರಲು ಹೊಲಕ್ಕೆ ಮರಳಿದೆ. ಆ ಬೇಲಿಯ ಗೇಟೆಂದರೆ ಮತ್ತೇನಿಲ್ಲ, ಹಿಡಿಯಿರುವ ಒಂದು ತಂತಿ. ಕೊಕ್ಕೆಗೆ ಸಿಕ್ಕಿಸಿದರೆ ಕರೆಂಟು ಹರಿಯುತ್ತದೆ, ಬಿಟ್ಟರೆ ದಾರಿ ತೆರೆಯುತ್ತದೆ. ಫ್ಲಾಸ್ಕನ್ನು ಕಂಕುಳಲ್ಲಿಟ್ಟುಕೊಂಡು ಹೊರಬಂದೆ. ತಂತಿ ಕೈಯಲ್ಲಿತ್ತು. ಕೊಕ್ಕೆ ಕಣ್ಣೆದುರಿಗಿತ್ತು. ತಂತಿಯನ್ನು ನೆಲದ ಮೇಲೆ ಬಿಟ್ಟು ಬಂದೆ. ಮರೆತೆ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಬುಧವಾರ ಅನ್ವರ್ ಫೋನ್ ಮಾಡಿದ. "ಎಲ್ಲಾ ಹೋಯ್ತು ಕಣಯ್ಯ. ಬರೀ ಕಡ್ಡಿ ನಿಂತಿದೆ. ಗೇಟ್ ತೆಗೆದೇ ಇತ್ತು." ಅವನ ದನಿ ಸಣ್ಣದಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಜಾಣ, ಪಕ್ಕದವನ ಹೆಗಲು ತೋರಿಸಿದೆ. "ಡೇಲ್ ಏನಾದ್ರೂ ಆಮೇಲೆ ವಾಪಸ್ ಹೋಗಿದ್ನಾ?" ಎಂದೆ.

ಅನ್ವರ್ ಹೋಗಿ ಕೇಳಿದನಂತೆ. ಹೌದು, ನಾನೇ ಮರೆತೆ, ಎಂದು ಡೇಲ್ ಒಪ್ಪಿಕೊಂಡನಂತೆ. ನನಗೆ ಆಶ್ಚರ್ಯವಾಯಿತು. ಅದಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು. ಅನ್ವರನಿಗೆ ಸಿಟ್ಟು ಬರುವುದು ನಿಧಾನ, ಹೋಗುವುದು ಅದಕ್ಕಿಂತ ನಿಧಾನ. ಡೇಲ್ ಜೊತೆ ಮಾತು ಬಿಟ್ಟ, ಗುಡ್ಡಕ್ಕೆ ಹೋಗುವುದನ್ನೂ ಬಿಟ್ಟ. ಶನಿವಾರಗಳು ನನಗೆ ವಾಪಸು ಸಿಕ್ಕವು. ಗೆದ್ದೆ ಎನ್ನಿ. ಗೆದ್ದು ತಂದ ಅನ್ವರ್ ಮಾತ್ರ ಡಿಕ್ಕಿಯ ಅಂಚಿನಲ್ಲಿ ಕೂತು ಸಮುದ್ರ ನೋಡುತ್ತಿದ್ದ, ನನ್ನ ಮಾತಿಗೆ ಹೂಂ ಎನ್ನುತ್ತಿದ್ದ. ಅವನು ಡೇಲ್ ಜೊತೆ ಕೂರುತ್ತಿದ್ದ ಮೌನ ಇದಲ್ಲ ಎಂಬುದು ನನಗೆ ಗೊತ್ತಿತ್ತು. ಹೀಗೇ ಎರಡು ವರ್ಷ ಕಳೆಯಿತು.

ಈಗ ಲಕೋಟೆಗೆ ಬರೋಣ. ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಒಡೆದೆ. ಒಳಗಿದ್ದದ್ದು ಒಂದು ಫೋಟೋ, ಒಂದು ಚೀಟಿ. ಫೋಟೋದಲ್ಲಿ ನಾನೇ! ಕಂಕುಳಲ್ಲಿ ಫ್ಲಾಸ್ಕ್, ಕೈಯಲ್ಲಿ ತಂತಿ, ಕಣ್ಣು ಕೊಕ್ಕೆಯ ಮೇಲೆ. ಜಿಂಕೆಗಳ ಓಡಾಟ ನೋಡಲು ಬೇಟೆಗಾರರು ಮರಕ್ಕೆ ಕಟ್ಟುವ ಕ್ಯಾಮೆರಾ ಇರುತ್ತದಲ್ಲ, ಅದು ಎದುರಿನ ಓಕ್ ಮರದಲ್ಲಿತ್ತು. ಜಿಂಕೆಗೂ ನನಗೂ ಅದು ಭೇದ ಮಾಡಿರಲಿಲ್ಲ.

ಚೀಟಿಯ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತೇನೆ. "ಅನ್ವರ್ ಬಂದು ಕೇಳುವ ಮೊದಲೇ ಇದನ್ನು ನೋಡಿದ್ದೆ. ನಿಮ್ಮದು ಹಳೆಯ ಗೆಳೆತನ, ನಮ್ಮದು ಹೊಸತು. ಎರಡರಲ್ಲಿ ಒಂದು ಕೆಡುವುದಾದರೆ ಹೊಸದೇ ಕೆಡಲಿ ಎನ್ನಿಸಿತು. ಆಮೇಲೆ ನನ್ನ ಜಮೀನಿನಲ್ಲೇ ಬಿತ್ತಿ, ಪ್ರತಿ ವರ್ಷ ಒಂದು ಸಾಲು ಉಳಿಸಿದೆ. ಜಮೀನು ಮಾರಿ ಐಡಾಹೋಗೆ ಮಗಳ ಹತ್ತಿರ ಹೋಗುತ್ತಿದ್ದೇನೆ. ಅನ್ವರ್ ನನ್ನ ಫೋನ್ ಎತ್ತುವುದಿಲ್ಲ, ಆದ್ದರಿಂದ ನಿನಗೆ ಕಳಿಸಿದ್ದೇನೆ. ಅರ್ಧ ಅವನಿಗೆ ಕೊಡು. ಫೋಟೋ ಇದೊಂದೇ ಇರುವುದು. ಅದನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು."

ಹರಿದುಹಾಕಬಹುದಿತ್ತು. ಸ್ನಾನದ ಕೋಣೆಯಲ್ಲಿ ಅದಕ್ಕೆ ಬೇಕಾದ ಅನುಕೂಲವೂ ಇತ್ತು. ಐದು ನಿಮಿಷ ಕೂತು, ಹೊರಬಂದು, ಎರಡನ್ನೂ ವಸುಧಾಳ ಕೈಗಿತ್ತೆ. ಓದಿದಳು, ನೋಡಿದಳು. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ರೀ," ಎಂದಳು. ಆಮೇಲೆ ಕಾಯಿಗಳನ್ನು ಎರಡು ಪಾಲು ಮಾಡಿ ಚೀಲಕ್ಕೆ ತುಂಬಿದಳು. "ಅನ್ವರ್ ಭಾಯ್ ಪಾಲು ಅವರಿಗೆ ಮುಟ್ಟಲಿ. ಅಲ್ಲೀತನಕ ನಮ್ಮದನ್ನ ನಾನು ಸುಲಿಯಲ್ಲ."

ನಿನ್ನೆ ಶನಿವಾರ, ಅದೇ ಪಾರ್ಕಿಂಗ್ ಲಾಟು. ಮೊದಲು ಚೀಲ ಕೊಟ್ಟೆ. ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಅಷ್ಟಕ್ಕೇ ನಿಲ್ಲಿಸಿಬಿಡೋಣ ಎಂದು ಆಸೆಯಾಯಿತು. ಆದರೂ ಫೋಟೋ, ಚೀಟಿ ಕೊಟ್ಟೆ. ಅನ್ವರ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಸಮುದ್ರದಂಚಿನ ಹಳಿಯ ಮೇಲೆ ರೈಲೊಂದು ಹೋಯಿತು.

"ಫ್ಲಾಸ್ಕ್ ಮಾತ್ರ ಮರೀಲಿಲ್ಲ ನೀನು," ಎಂದ.

"ತಪ್ಪಾಯ್ತು ಕಣೋ."

"ನನಗ್ಯಾಕೆ ಹೇಳ್ತೀಯ?" ಎಂದವನೇ ತನ್ನ ಫೋನಿನಲ್ಲಿ ನಂಬರ್ ಒತ್ತಿ ನನ್ನ ಕೈಗೆ ತುರುಕಿದ. "ಅವನಿಗೆ ಹೇಳು."

ಮೊದಲ ರಿಂಗಿಗೇ ಆ ಕಡೆಯಿಂದ "ಅನ್ವರ್?" ಎಂಬ ದನಿ ಬಂತು. ಎಂಥ ಆಸೆಯಿತ್ತು ಆ ದನಿಯಲ್ಲಿ! ನಾನು ಮೇಯಿಸಿದ್ದು ಏನನ್ನು ಎಂಬುದು ನನಗೆ ಆಗ ಗೊತ್ತಾಯಿತು. ಅಲ್ಲ, ನಾನು, ಎಂದು ನನ್ನ ಹೆಸರು ಹೇಳಿ, ಹೇಳಬೇಕಾದ್ದನ್ನು ತಡವರಿಸುತ್ತಾ ಹೇಳಿದೆ. ಎಲ್ಲ ಕೇಳಿಸಿಕೊಂಡು ಡೇಲ್, "ಸೊಗಾಡು ಇತ್ತಾ?" ಎಂದು ಕೇಳಿದ. ಇತ್ತು, ಎಂದೆ. ಫೋನನ್ನು ಅನ್ವರನಿಗೆ ಕೊಟ್ಟೆ. ಅವನು ನಡೆಯುತ್ತಾ ಲಾಟಿನಂಚಿನ ಕಂಬಿಯವರೆಗೆ ಹೋದ, ಮುಕ್ಕಾಲು ಗಂಟೆ ಬರಲಿಲ್ಲ. ಎರಡು ಸಲ ಜೋರಾಗಿ ನಕ್ಕದ್ದು ನನಗೆ ಕೇಳಿಸಿತು. ಹೊಟ್ಟೆಕಿಚ್ಚು ಆರಿತೇ ಎಂದು ಮಾತ್ರ ಕೇಳಬೇಡಿ. ಆರಿರಲಿಲ್ಲ. ವಾಪಸು ಬಂದವನು ನನ್ನ ಮುಖ ನೋಡದೆ, ಚೀಲ ಎತ್ತಿಕೊಂಡು ಹೊರಟುಹೋದ.

ಇವತ್ತು ಭಾನುವಾರ. ವಸುಧಾ ಬೆಳಿಗ್ಗೆಯಿಂದ ಕಾಳು ಹಿತಕುತ್ತಿದ್ದಾಳೆ, ನಾನು ಸಿಪ್ಪೆ ಬಾಚುತ್ತಿದ್ದೇನೆ. ಮನೆಯೆಲ್ಲ ಸೊಗಡು, ನನ್ನ ಬೆರಳುಗಳಲ್ಲೂ. ಈಗಷ್ಟೇ ಅನ್ವರನ ಫೋನ್ ಬಂದಿತ್ತು. ಮುಂದಿನ ಶನಿವಾರ ಸ್ಯಾನ್ ಕ್ಲೆಮೆಂಟೆಗೆ ಬರುವುದಿಲ್ಲವಂತೆ, ಡೇಲ್‌ನ ಸಾಮಾನು ಟ್ರಕ್ಕಿಗೆ ತುಂಬಬೇಕಂತೆ. ನೀನೂ ಬಾ ಎನ್ನಲಿಲ್ಲ.

"ನಾನು ಎಷ್ಟು ಗಂಟೆಗೆ ಬರಲಿ?" ಎಂದು ಕೇಳಿದೆ.

ಬೇಡ ಎನ್ನುತ್ತಾನೇನೋ ಎಂದುಕೊಂಡೆ.

"ಏಳಕ್ಕೆ ಬಾ. ಕಾಫಿ ಮೂವರಿಗಾಗೋಷ್ಟು ತಾ," ಎಂದ ಅನ್ವರ್. "ಒಳಗೆ ಬಂದ ಮೇಲೆ ಗೇಟ್ ಹಾಕು."